ರಾಯಪ್ಪ ಮಾವನ ಹಿಂದಿನ ಕಿಟಕಿ

ನಮ್ಮಕ್ಕನ ಗಂಡ ರಾಯಪ್ಪ ಮಾವ ಒಳ್ಳೆಯವರೇ. ಆದರೆ ಐವತ್ತು ವರ್ಷದ ಆ ಫಿಯೆಟ್ ಕಾರಿನ ವಿಷಯ ಬಂದರೆ ಅವರಿಗೂ ಬುದ್ಧಿಗೂ ಎಣ್ಣೆ ಸೀಗೆಕಾಯಿ. ಮಗಳು ಮಯೂರಿ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ತಂದ ಗಾಡಿ ಅದು. ಅದಕ್ಕೇ ಜೀವ ಇಟ್ಟುಕೊಂಡಿದ್ದಾರೆ.

ಹೋದ ವಾರ ಹುಡುಗರ ಕ್ರಿಕೆಟ್ ಚೆಂಡಿಗೆ ಹಿಂದಿನ ಎಡಬಾಗಿಲ ಗಾಜು ಒಡೆಯಿತು. ಭಾನುವಾರ ಕಾಮೋಠೆಯ ಗಂಡನ ಮನೆಯಲ್ಲಿ ಮಯೂರಿಯ ಕುಬಸ, ಅಂದರೆ ಸೀಮಂತ. ಕುಬಸ ಮುಗಿಸಿ, ಅದೇ ಗಾಡಿಯಲ್ಲಿ ಅವಳನ್ನು ನೌಪಾಡಾಕ್ಕೆ, ತವರಿಗೆ ಕರೆತರಬೇಕು. ಅಕ್ಕ ರತ್ನಾಬಾಯಿ ಒಂದೇ ಮಾತು ಹೇಳಿದಳು: "ಬಸುರಿ ಹುಡುಗಿ ಕಿವಿಗೆ ಗಾಳಿ ಬಡೀತಂದ್ರ, ಸೋಮವಾರ ನಿಮ್ಮ ಗಾಡಿ ಭಂಗಾರಕ್ಕ."

ಭಂಗಾರ ಅಂದರೆ ಇಲ್ಲಿಯ ಮಾತಿನಲ್ಲಿ ಗುಜರಿ. ಅಕ್ಕ ಸುಮ್ಮನೆ ಹೆದರಿಸುವವಳಲ್ಲ. ಮಾವನ ಟೇಪ್ ರಿಕಾರ್ಡರ್ ಹೀಗೇ ಹೋಗಿತ್ತು.

ಶನಿವಾರ ಮಾಜಿವಾಡಾದ ದೇಜಪ್ಪನ ಗ್ಯಾರೇಜಿನಲ್ಲಿ ಹಳೆಯ ಗಾಜೊಂದು ಸಿಕ್ಕಿತು. "ಬದಿಯ ರಬ್ಬರು ಮಂಗಳವಾರ ಬರುವುದು. ಅಷ್ಟರವರೆಗೆ ಕೂರಿಸ್ಬೇಡಿ ಮಾರಾಯ್ರೆ" ಎಂದ ದೇಜಪ್ಪ. ಮಾವ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

ಮನೆಗೆ ಬಂದು ನಾನೂ ಮಾವನೂ ಬಾಗಿಲಿನ ಒಳಹಲಗೆ ಕಳಚಿ, ಗಾಜು ಇಳಿಸಿ, ಹಿಡಿಕೆ ತಿರುಗಿಸಿದೆವು. ಗಾಜು ಮೇಲೆ ಬಂತು, ಮುಂದಕ್ಕೆ ವಾಲಿತು, ಹಿಂದೆ ಬೆರಳು ತೂರುವಷ್ಟು ಸಂದು ಬಿಟ್ಟು ಧಡ್ ಎಂದು ಒಳಗೆ ಬಿತ್ತು. ಏಳು ಸಲ ಹೀಗೇ. ಸಂದಿಗೆ ರಟ್ಟು ತುರುಕಿದರೆ ಮಡಚಿಕೊಂಡಿತು. ಕಟ್ಟಿಗೆಯ ಚೂರು ಇಟ್ಟರೆ ಗಾಜು ಏರಲೇ ಇಲ್ಲ. ನನ್ನ ರಬ್ಬರ್ ಚಪ್ಪಲಿ ಕೊಯ್ಯಲು ಮಾವ ಕತ್ತರಿ ತಂದಾಗ ನಾನು ಕೂಗಾಡಿದೆ.

ಅಷ್ಟರಲ್ಲಿ ಅಕ್ಕ ಊಟಕ್ಕೆ ಖಡಕ್ ಸಜ್ಜೆ ರೊಟ್ಟಿ ಕಳಿಸಿದಳು. ಕಚ್ಚಲು ಹೋದ ಮಾವ ಬಾಯಿ ತೆರೆದೇ ನಿಂತರು. ರೊಟ್ಟಿ ನೋಡಿದರು, ಗಾಜು ನೋಡಿದರು.

"ಶಿವರಾಜಾ, ಇದರ ದಪ್ಪ ನೋಡಲೇ."

"ಬ್ಯಾಡ್ರಿ ಮಾವಾ."

"ನಿಮ್ಮಕ್ಕನ ರೊಟ್ಟಿ ತಿಂಗಳಗಟ್ಟಲೆ ಇಟ್ರೂ ಮೆತ್ತಗಾಗೂದಿಲ್ಲ. ರಬ್ಬರ್ ಯಾವ ಲೆಕ್ಕ!"

ತೇವ ತಾಗದಿರಲೆಂದು ಚೊಕ್ಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಟ್ಟವನು ನಾನೇ, ಹೇಳಲು ನಾಚಿಕೆ. ತುದಿಯಷ್ಟೇ ಹೊರಗೆ ಉಳಿದು ಸಂದಿಗೆ ರೊಟ್ಟಿ ಹೋಯಿತು, ಗಾಜು ನೆಟ್ಟಗೆ ನಿಂತಿತು. ಉಬ್ಬಿಹೋದ ಮಾವ, ಸಡಿಲಾಗಿ ಗಡಗಡ ಅನ್ನುತ್ತ ಜಾರುತ್ತಿದ್ದ ಬಲಗಡೆಯ ಗಾಜಿಗೂ ಒಂದು ರೊಟ್ಟಿ ಸಿಕ್ಕಿಸಿದರು.

ಭಾನುವಾರ ಹಸಿರು ಸೀರೆ ಉಟ್ಟು ಕುಳಿತ ಮಯೂರಿ ಹೋಳಿಗೆ, ಕರ್ಜಿಕಾಯಿ ಯಾವುದನ್ನೂ ಮುಟ್ಟಲಿಲ್ಲ. ಬಸುರಾದಾಗಿನಿಂದ ಅವಳಿಗೆ ಊಟ ಕಂಡರಾಗದು. ಅಕ್ಕ ಒಳಗೊಳಗೇ ಕೊರಗಿದಳು.

ವಾಪಸು ಬರುವಾಗ ಮಾವ ಗಾಡಿ ನಡೆಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಎಡಕ್ಕೆ ಮಯೂರಿ, ಬಲಕ್ಕೆ ಅಕ್ಕ. ಅಕ್ಕ ಗಾಜಿನಂಚಿಗೆ ಕೈ ಹಿಡಿದು ನೋಡಿ, "ಅಡ್ಡಿಯಿಲ್ಲ" ಎಂದಳು. ಮದುವೆಯಾದ ಮೇಲೆ ಮಾವನಿಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದೇ ಇರಬೇಕು.

ಐರೋಲಿ ಹತ್ತಿರ ಹಿಂದಿನಿಂದ ಕರ್ರ್ ಕುರ್ರ್ ಸದ್ದು. ಗೇರು ಅಂದುಕೊಂಡೆ. ಆಮೇಲೆ ಗಾಡಿ ಕುಲುಕಿದ್ದೇ ತಡ, ಧಡ್! ಎಡಗಡೆಯ ಗಾಜು ಒಳಗೆ ಬಿತ್ತು. ಪಕ್ಕದ ಲಾರಿಯ ಹೊಗೆಯೆಲ್ಲ ಒಳಗೆ.

ತಿರುಗಿ ನೋಡಿದರೆ ಮಯೂರಿಯ ತೊಡೆಯ ಮೇಲೆ ಬಿಚ್ಚಿದ ಪ್ಲಾಸ್ಟಿಕ್, ಬಾಯಲ್ಲಿ ರೊಟ್ಟಿ. ಅಪ್ಪ ತನಗೆಂದೇ ಕಿಟಕಿಗೆ ಸಿಕ್ಕಿಸಿಟ್ಟಿದ್ದಾರೆ ಅಂದುಕೊಂಡಿದ್ದಳು.

"ಏನ ತಿನ್ನಾಕತ್ತೀಯವಾ?" ಎಂದಳು ಅಕ್ಕ.

ಮಾವ ರಸ್ತೆಯಿಂದ ಕಣ್ಣು ತೆಗೆಯದೆ ಎಲ್ಲ ಒಪ್ಪಿಕೊಂಡರು, ಎರಡೂ ರೊಟ್ಟಿಯ ವಿಷಯ. "ನಾಳೆ ನಾನಽ ಭಂಗಾರದವನಿಗೆ ಫೋನ್ ಹಚ್ತೀನಿ" ಎಂದರು. ಅಕ್ಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಪಪ್ಪಾ, ಔರ್ ಹೈ ಕ್ಯಾ? ಇನ್ನೊಂದು ಐತೇನು?" ಎಂದಳು ಮಯೂರಿ.

ಅಕ್ಕ ಮಗಳನ್ನೇ ನೋಡಿದಳು. ಕಣ್ಣು ತುಂಬಿದ್ದವು. ಆಮೇಲೆ ತನ್ನ ಕಡೆಯ ಕಿಟಕಿಗೆ ಕೈ ಹಾಕಿ ರೊಟ್ಟಿ ಜಗ್ಗಿದಳು. ಧಡ್!

"ತಗೋ."

ಎರಡೂ ಕಡೆಯಿಂದ ಗಾಳಿ ನುಗ್ಗಿತು. ಅಕ್ಕ ಸೆರಗಿನಿಂದ ಮಗಳ ಕಿವಿ ಮುಚ್ಚಿ ಹಿಡಿದು ರೊಟ್ಟಿ ಮುರಿದು ಮುರಿದು ಕೊಟ್ಟಳು. ಕಳವಾ ಸೇತುವೆ ಬರುವಷ್ಟರಲ್ಲಿ ಅದೂ ಮುಗಿಯಿತು.

ನೌಪಾಡಾದಲ್ಲಿ ಇಳಿದ ಮಾವ ಅಕ್ಕನ ಮುಂದೆ ಕೀಲಿಕೈ ಚಾಚಿದರು. ಅಕ್ಕ ತೆಗೆದುಕೊಳ್ಳಲಿಲ್ಲ.

"ಗಾಡಿ ಎಲ್ಲೂ ಹೋಗೂದಿಲ್ಲ. ಮುಂಜಾನೆ ಎರಡೂ ಕಿಡಕಿಗೆ ಬಿಸಿ ರೊಟ್ಟಿ ಹಚ್ರಿ, ಈಕಿ ಅಲ್ಲೇ ಕುಂತು ಉಣ್ಣಲಿ. ಮತ್ತ ಶೇಂಗಾ ಚಟ್ನಿ ಇಡಾಕ ಯಾವ ಸಂದಿ ಐತಿ, ಅದನ್ನೂ ನೋಡ್ರಿ."