ನೂರ ಹದಿನೇಳು, ಸುಟ್ಟಿದೆ

ನಮ್ಮ ಕಚೇರಿಯಲ್ಲಿ ಎಲ್ಲರೂ ನನ್ನ ಮಾವನನ್ನು ಮಾವ ಎಂದೇ ಕರೆಯುತ್ತಿದ್ದರು. ನಿರ್ದೇಶಕರೂ ಅಷ್ಟೆ, ಬಾಗಿಲು ಕಾಯುವವನೂ ಅಷ್ಟೆ. ತಪ್ಪು ನನ್ನದು. ಅವರ ಕೈಕೆಳಗೆ ಕೆಲಸ ಕಲಿಯಲು ಸೇರಿದವಳು ಮೂರನೆಯ ವರ್ಷಕ್ಕೆ ಅವರ ಮಗನನ್ನೇ ಮದುವೆಯಾಗಿ, ಒಂದು ಮೀಟಿಂಗಿನ ನಡುವೆ ಬಾಯಿತಪ್ಪಿ ಮಾವ ಅಂದುಬಿಟ್ಟೆ. ಅಂದಿನಿಂದ ಆ ಹೆಸರು ಅಂಟಿಕೊಂಡಿತು. ‘ಕೆಲಸ ಕೇಳ್ಕೊಂಡು ಬಂದ್ಳು, ಮನೇನೇ ಹೊಡ್ಕೊಂಡ್ಳು’ ಎಂದು ಇಪ್ಪತ್ತು ವರ್ಷದಿಂದ ಅದೇ ಹಳಸಲು ಜೋಕು ಹೇಳುತ್ತಿದ್ದಾರೆ. ನಗುವವರು ಈಗಲೂ ನಗುತ್ತಾರೆ.

ನನ್ನ ಕೆಲಸ ಫೋಟೋ ಆರಿಸುವುದು. ಹನ್ನೊಂದು ವರ್ಷ ಪ್ರಯಾಣ ಮಾಡಿದ ನಮ್ಮ ಬಾಹ್ಯಾಕಾಶ ನೌಕೆ ಒಂದು ದೈತ್ಯ ಗ್ರಹವನ್ನು ತಲುಪಿ, ಅದರ ಹಿಮದ ಉಪಗ್ರಹವೊಂದರ ಪಕ್ಕದಲ್ಲಿ ಒಂದೇ ಒಂದು ಸಲ ಹಾದುಹೋಯಿತು. ಹೋಗುತ್ತ ಇನ್ನೂರ ಹನ್ನೆರಡು ಫೋಟೋ ತೆಗೆಯಿತು. ಅಷ್ಟು ದೂರದಿಂದ ಎಲ್ಲವನ್ನೂ ತರಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಮೊದಲು ಪ್ರತಿಯೊಂದರದೂ ಅಂಚೆಚೀಟಿಯಷ್ಟು ಚಿಕ್ಕ ನಕಲು ಬರುತ್ತದೆ. ಅದನ್ನು ನಾವು ಚೀಟಿ ಅನ್ನುತ್ತೇವೆ. ಚೀಟಿ ನೋಡಿ ಯಾವುದು ಬೇಕು, ಯಾವುದು ಬೇಡ ಎಂದು ಹೇಳುವವಳು ನಾನು. ಬೇಡ ಎಂದದ್ದನ್ನು ನೌಕೆ ಅಳಿಸಿಹಾಕುತ್ತದೆ, ಮುಂದಿನ ಫೋಟೋಗಳಿಗೆ ಜಾಗ ಬೇಕಲ್ಲ. ಅಳಿಸಿದ್ದು ಮತ್ತೆ ಬರುವುದಿಲ್ಲ.

ಈ ಕೆಲಸಕ್ಕೆ ಮೂರು ನಿಯಮ. ಮೂರನ್ನೂ ಮಾಡಿದವರು ಮಾವ. ಒಂದನೆಯದು, ಯಾವ ಫೋಟೋ ತೆಗೆಯಿರೆಂದು ಯಾವ ವಿಜ್ಞಾನಿ ಕೇಳಿದ್ದಾರೆ ಎಂಬುದು ಆರಿಸುವವರಿಗೆ ಗೊತ್ತಿರಬಾರದು. ಹಿಂದೆ ಒಬ್ಬೊಬ್ಬರೂ ಬಂದು ‘ನಮ್ದೊಂದು ನೋಡ್ಕೊಳಮ್ಮ’ ಎಂದು ಹಲ್ಲು ಗಿಂಜುತ್ತಿದ್ದರು, ಆಮೇಲೆ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು. ಎರಡನೆಯದು, ಬೇಡವಾದ ಸಂಖ್ಯೆಗಳನ್ನು ಅಳಿಸುವ ಮೊದಲು ಎಲ್ಲರೆದುರು ಜೋರಾಗಿ ಓದಬೇಕು. ಯಾರು ಬೇಕಾದರೂ ಕೈ ಎತ್ತಿ ತಡೆಯಬಹುದು, ಆ ಫೋಟೋ ಬೇಕೆಂದು ಕೇಳಿದವರೊಬ್ಬರನ್ನು ಬಿಟ್ಟು. ಹೆತ್ತವರಿಗೆ ಹೆಗ್ಗಣವೂ ಮುದ್ದು ಎಂದು ಮಾವ ನಗುತ್ತಿದ್ದರು. ಮೂರನೆಯದು, ಸುಟ್ಟಿದ್ದು ಮೊದಲು ಹೋಗಬೇಕು. ಬೆಳಕು ಹೆಚ್ಚಾಗಿ ಬರೀ ಬೆಳ್ಳಗೆ ಬಂದ ಫೋಟೋವನ್ನು ಸುಟ್ಟದ್ದು ಅನ್ನುತ್ತೇವೆ. ‘ಅದರ ಮೇಲೆ ಕನಿಕರ ಬೇಡ, ಎತ್ತಿ ಎಸಿ’ ಎಂದು ನನ್ನ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಆ ಉಪಗ್ರಹದ ದಕ್ಷಿಣದ ಅಂಚಿನಿಂದ ನೀರಿನ ಆವಿ ಚಿಮ್ಮುತ್ತದೆ ಎಂಬುದು ಮಾವನ ಮೂವತ್ತು ವರ್ಷದ ಹಟ. ಲೆಕ್ಕ ಹಾಕಿದ್ದರು, ಲೇಖನ ಬರೆದಿದ್ದರು, ಆವಿ ಹೇಗೆ ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತದೆ ಎಂದು ಹಾಳೆಗಟ್ಟಲೆ ಚಿತ್ರ ಬಿಡಿಸಿದ್ದರು. ಯಾರೂ ನಂಬಲಿಲ್ಲ. ‘ಮಾವನ ಕೆಟಲ್ ಕುದೀತಾ?’ ಎಂದು ಊಟದ ಮೇಜಿನಲ್ಲಿ ಕಾಲೆಳೆಯುತ್ತಿದ್ದರು. ‘ಕುದಿಯುತ್ತೆ, ನೀವೆಲ್ಲ ಲೋಟ ತೊಳೆದಿಟ್ಕೊಂಡಿರಿ’ ಎನ್ನುತ್ತಿದ್ದರು ಮಾವ. ಮನೆಗೆ ಬಂದರೆ ಮಾತ್ರ ಆ ನಗು ಇರುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಸಲಹೆಗಾರರೆಂದು ದಿನಾ ಕಚೇರಿಗೆ ಬರುತ್ತಿದ್ದದ್ದು ಆ ಆವಿಯ ಒಂದು ಫೋಟೋಗಾಗಿ.

ಅಷ್ಟರಲ್ಲಿ ಅವರ ಕಣ್ಣು ಕೈಕೊಟ್ಟಿತು. ದೃಷ್ಟಿಯ ನಟ್ಟನಡುವೆ ಕಪ್ಪು ಕವಿದು, ಸುತ್ತ ಮಾತ್ರ ಒಂದಿಷ್ಟು ಉಳಿದಿತ್ತು. ಅದೂ ಇನ್ನು ಆರೇಳು ತಿಂಗಳು ಎಂದರು ಡಾಕ್ಟರು. ಎದುರಿಗಿರುವವರನ್ನು ನೋಡಬೇಕಾದರೆ ಮಾವ ಮುಖವನ್ನು ಆಚೆ ತಿರುಗಿಸಿ, ಕಣ್ಣಿನ ಅಂಚಿನಿಂದ ನೋಡಬೇಕಾಗಿತ್ತು. ಕ್ಯಾಂಟೀನಿನ ಹೆಂಗಸು ‘ನಾನೇನು ತಪ್ಪು ಮಾಡ್ದೆ, ಮಾವ ನನ್ನ ಕಂಡ್ರೆ ಮುಖ ತಿರುಗಿಸ್ತಾರೆ’ ಎಂದು ನನ್ನ ಹತ್ತಿರ ಅತ್ತಿದ್ದಳು. ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೂ ಅಳು ಬಂತು.

ಚೀಟಿಗಳು ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಮಧ್ಯಾಹ್ನ ಎರಡು ಗಂಟೆಯೊಳಗೆ ನೌಕೆಗೆ ಆದೇಶ ಹೋಗಬೇಕು. ಹನ್ನೊಂದು ಫೋಟೋ ಸುಟ್ಟುಹೋಗಿದ್ದವು, ಬೆಳಕಿನ ಅಂದಾಜು ಎಲ್ಲೋ ತಪ್ಪಿರಬೇಕು ಅಂದುಕೊಂಡೆ. ಅವುಗಳ ಮೇಲೆ ನಾನು ಒಂದೊಂದು ಕ್ಷಣವೂ ಕಳೆಯಲಿಲ್ಲ. ಮಧ್ಯಾಹ್ನ ಎದ್ದು ನಿಂತು ಬೇಡದ ಸಂಖ್ಯೆಗಳನ್ನು ಓದಿದೆ. ‘ನೂರ ಹದಿನೇಳು, ಸುಟ್ಟಿದೆ’ ಎಂದು ಓದಿದ್ದು ನನಗೆ ನೆನಪಿಲ್ಲ, ಆದರೆ ಓದಿದ್ದೇನೆ, ಧ್ವನಿಮುದ್ರಣದಲ್ಲಿ ಇದೆ. ಮಾವ ಎದುರಿನ ಕುರ್ಚಿಯಲ್ಲಿ ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದರು. ಯಾರೂ ಕೈ ಎತ್ತಲಿಲ್ಲ. ಆದೇಶ ಹೋಯಿತು.

ಒಂಬತ್ತು ದಿನದ ಮೇಲೆ ವರದಿ ಬರೆಯಲು ಕೂತಾಗ ಕೇಳಿದವರ ಪಟ್ಟಿ ತೆರೆದೆ. ನೂರ ಹದಿನೇಳರ ಎದುರು ಮಾವನ ಹೆಸರಿತ್ತು. ಅವರು ಕೇಳಿದ್ದು ಅದೊಂದೇ. ಆವಿ ತೀರ ಮಸುಕು. ಅದನ್ನು ಹಿಡಿಯಬೇಕಾದರೆ ಕ್ಯಾಮೆರಾ ತುಂಬ ಹೊತ್ತು ಕಣ್ಣು ತೆರೆದಿರಬೇಕು, ಆಗ ಉಪಗ್ರಹ ಸುಟ್ಟೇ ಸುಡುತ್ತದೆ. ಬೇಕೆಂದೇ ಸುಡಿಸಿದ ಫೋಟೋ ಅದು. ಇದು ನನ್ನಂಥವಳಿಗೆ ತಿಳಿಯದ ವಿಷಯವೇನಲ್ಲ. ಚೀಟಿ ಮಾತ್ರ ಉಳಿದಿತ್ತು. ದೊಡ್ಡದು ಮಾಡಿದೆ, ಕಪ್ಪನ್ನು ತಿಳಿ ಮಾಡಿದೆ. ದಕ್ಷಿಣದ ಅಂಚಿನಾಚೆ, ಏನೂ ಇರಬಾರದ ಕಡೆ, ನಾಲ್ಕು ಚುಕ್ಕೆ ಕಪ್ಪಗಿರಲಿಲ್ಲ. ಅಂಚಿಗೆ ತಾಗಿ ಒಂದು, ಅದರಾಚೆ ಮೂರು. ಉಳಿದ ಚೀಟಿಗಳಲ್ಲಿ ಅದೇ ಜಾಗ ನೋಡಿದೆ, ಇರಲಿಲ್ಲ. ಲೇಖನ ಬರೆಯಲು ನಾಲ್ಕು ಚುಕ್ಕೆ ಸಾಲದು. ನಾನು ಎಸೆದದ್ದು ಏನೆಂದು ತಿಳಿಯಲು ಸಾಕು.

ಫೋಟೋಗಳ ವೇಳಾಪಟ್ಟಿ ಬರೆಯುವವನನ್ನು ನಾವು ಗಡಿಯಾರ ಅನ್ನುತ್ತೇವೆ. ನೇರ ಅವನ ಕೋಣೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ.

“ನಿನಗೆ ಗೊತ್ತಿತ್ತಲ್ಲ. ಒಂದು ಮಾತು ಹೇಳೋಕೆ ನಿನ್ನ ಗಂಟೇನು ಹೋಗ್ತಿತ್ತು?”

“ಹೇಳಿಬಿಡ್ತೀನಿ ಅಂದೆ ಅಕ್ಕ. ಮಾವ ನನ್ನ ಕೈ ಹಿಡ್ಕೊಂಡು ಬೇಡ ಅಂದ್ರು. ನನ್ನ ಸೊಸೆ ಅಂತ ಅವಳಿಗೆ ಕೆಟ್ಟ ಹೆಸರು ಬರಬಾರದು ಅಂದ್ರು.” ಅವನ ಕಣ್ಣೂ ತುಂಬಿತ್ತು.

ಮನೆಯಲ್ಲಿ ಮೊದಲು ಅತ್ತೆಗೆ ಹೇಳಿದೆ. ಅತ್ತೆ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

“ಆವತ್ತು ಬಂದು ಏನಂದ್ರು ಗೊತ್ತಾ? ‘ನಾನೇ ತಪ್ಪು ತಿಳ್ಕೊಂಡಿದ್ದೆ ಕಣೆ, ಅಲ್ಲೇನೂ ಇಲ್ಲ’ ಅಂದ್ರು. ಮೂರು ದಿನ ಊಟ ಬಿಟ್ರು. ಈಗ ತಾನೇ ಒಂದು ಹದಕ್ಕೆ ಬಂದಿದಾರೆ. ನಿನ್ನ ಎದೆ ಭಾರ ಇಳಿಸ್ಕೊಳ್ಳೋಕೆ ಅವರ ತಲೆ ಮೇಲೆ ಹಾಕ್ಬೇಡ. ಸುಮ್ನಿದ್ದುಬಿಡು.”

ಅತ್ತೆ ಹೇಳಿದ್ದು ಸರಿಯಾಗಿತ್ತು. ಸುಮ್ಮನಿದ್ದೆ. ಎರಡು ವಾರ ಅವರ ತಟ್ಟೆಗೆ ಬಡಿಸಿದೆ, ಪೇಪರು ಓದಿ ಹೇಳಿದೆ, ಕಣ್ಣಿಗೆ ಔಷಧಿ ಹಾಕಿದೆ. ಗಂಡ ಏನಾಗಿದೆ ನಿನಗೆ ಎಂದರೆ ತಲೆನೋವು ಎಂದೆ.

ಒಂದು ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ತರಕಾರಿ ಚೀಟಿ ಕಿತ್ತುಕೊಂಡೆ. ಬದನೆಕಾಯಿ, ಈರುಳ್ಳಿ, ಸೋಪು. ಹಿಂದೆ ತಿರುಗಿಸಿದರೆ ಪೆನ್ಸಿಲಿನ ಗೆರೆ. ಅರ್ಧ ಬೀಸಣಿಗೆ. ಅಡಿಗೆಮನೆಯ ಮೇಜಿನ ಹತ್ತಿರ ಮಾವ ಕೂತು, ಮೂವತ್ತು ವರ್ಷದ ಚಿತ್ರಗಳನ್ನು ಕೈಯಳತೆಯಲ್ಲೇ ನಾಲ್ಕು ನಾಲ್ಕಾಗಿ ಮಡಚಿ, ಸ್ಕೇಲಿಟ್ಟು ಹರಿಯುತ್ತಿದ್ದರು. “ಹಿಂದುಗಡೆ ಖಾಲಿ ಇದೆ, ಸುಮ್ನೆ ಯಾಕೆ ಎಸೆಯೋದು” ಎಂದರು. ನನಗೆ ತಡೆಯಲಾಗಲಿಲ್ಲ. ಎದುರಿಗೆ ಕೂತೆ.

“ಮಾವ, ನೂರ ಹದಿನೇಳು ನಿಮ್ದು.”

ಸ್ಕೇಲು ನಿಂತಿತು. “ಹೂಂ.”

“ನಾನು ಓದುವಾಗ ಎದುರಿಗೇ ಕೂತಿದ್ರಿ. ಒಂದು ಸಲ ಕೆಮ್ಮಬಾರದಿತ್ತಾ? ಅಷ್ಟು ಸಾಕಿತ್ತು ನನಗೆ.” ನನ್ನ ದನಿ ಏರಿತ್ತು. ತಪ್ಪು ನನ್ನದಾಗಿದ್ದರೂ ಸಿಟ್ಟು ಅವರ ಮೇಲೆ.

“ಎಲ್ಲರಿಗೂ ಒಂದು ನಿಯಮ, ನನಗೊಂದಾ?” ಎಂದು ಅವರು ಸಮಾಧಾನವಾಗಿಯೇ ಹೇಳಿದರು. “ಅದಿರ್ಲಿ ಬಿಡು. ನೀನು ಸುಟ್ಟಿದೆ ಅಂದೆ. ಅಂಚು ನೋಡದೆ ನೀನು ಹಾಗನ್ನಲ್ಲ. ಅಲ್ಲಿ ಏನಾದ್ರೂ ಇದ್ದಿದ್ರೆ ನಿನ್ನ ಕಣ್ಣಿಗೆ ಬೀಳದೆ ಇರ್ತಿತ್ತಾ? ನಾನೇ ಕಲಿಸಿದ ಕಣ್ಣು. ನಿನ್ನ ಮಾತು ಕೇಳಿದ ಮೇಲೆ, ಇಲ್ಲ ಅಂತ ನಾನೂ ಒಪ್ಕೊಂಡೆ. ಕಷ್ಟ ಆಯ್ತು. ಒಪ್ಕೊಂಡೆ.”

ಅತ್ತೆ ಬಾಗಿಲಲ್ಲಿ ಬಂದು ನಿಂತು ನನಗೆ ಬೇಡ ಎಂದು ತಲೆಯಾಡಿಸಿದರು. ನಾನು ನೋಡಿದೆ, ನೋಡಿಯೂ ಹೇಳಿದೆ.

“ನಾನು ಅಂಚು ನೋಡ್ಲಿಲ್ಲ ಮಾವ. ಬೆಳ್ಳಗಿತ್ತು, ಎಸೆದೆ. ಎರಡು ವಾರದ ಹಿಂದೆ ನೋಡಿದೆ. ಇದೆ. ನಾಲ್ಕು ಚುಕ್ಕೆ ಇದೆ. ನೀವು ಬಿಡಿಸಿರೋ ಹಾಗೇ.”

ಅವರ ಬೆರಳು ಮೇಜಿನ ಮೇಲಿದ್ದ ತುಂಡುಗಳನ್ನು ತಡವಿ ಒಟ್ಟುಮಾಡತೊಡಗಿತು.

“ದಕ್ಷಿಣಕ್ಕಾ?”

“ದಕ್ಷಿಣಕ್ಕೆ.”

“ಬುಡದಲ್ಲಿ ಕಿರಿದು, ತುದಿಯಲ್ಲಿ ಅಗಲ?”

“ಹೌದು ಮಾವ.”

“ನಾಲ್ಕು ಸಾಲಲ್ಲ.”

“ಸಾಲಲ್ಲ.”

“ಮತ್ತೆ ನೌಕೆ ಹೋಗೋದು?”

“ಇಪ್ಪತ್ತೆರಡು ವರ್ಷ ಅಂತಾರೆ.”

ಮಾವನಿಗೆ ಎಪ್ಪತ್ತಮೂರು. ಅವರು ಲೆಕ್ಕ ಹಾಕಿದರೆಂದು ಕಾಣುತ್ತದೆ, ತುಟಿ ಅಲುಗಿತು. ಅತ್ತೆ ಬಂದು ಅವರ ಭುಜದ ಮೇಲೆ ಕೈಯಿಟ್ಟರು. ನಾನು ಅವರ ಮುಂದೆ ತಲೆ ತಗ್ಗಿಸಿಕೊಂಡು, ಬೈಯಲಿ, ಒಂದು ಏಟು ಬೇಕಾದರೂ ಹಾಕಲಿ ಎಂದು ಕಾಯುತ್ತ ಕೂತಿದ್ದೆ. ಕೊನೆಗೆ ತಲೆ ಎತ್ತಿದೆ.

ಮಾವ ಮುಖವನ್ನು ನಿಧಾನಕ್ಕೆ ಕಿಟಕಿಯ ಕಡೆ ತಿರುಗಿಸಿದರು. ನನ್ನನ್ನು ನೋಡಲೆಂದು ತಿರುಗಿಸಿದರೋ, ನನ್ನ ಮುಖ ನೋಡುವುದು ಬೇಡವೆಂದು ತಿರುಗಿಸಿದರೋ, ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.