ದೀಪದ ಸಾಲಿನ ಡೊಂಕು

"ಏ ಕಳಕಪ್ಪಾ, ತಡಿ! ಹಾರಿ ಹಾಕಬ್ಯಾಡ!"

ಗಂಗಾವತಿಯಿಂದ ಆಗಷ್ಟೇ ಬಂದಿಳಿದ ಮದಾರಸಾಬ ಬದುವಿನಿಂದಲೇ ಕೂಗುತ್ತ ಓಡಿಬಂದ. ತೀರಿಹೋದ ಅಣ್ಣ ಈಶಪ್ಪನನ್ನು ಹೂಳಲು ಕುಣಿ ತೆಗೆಯುತ್ತಿದ್ದ ಕಳಕಪ್ಪನ ಹಾರೆ ಹಿಡಿದ ಕೈ ಎತ್ತಿದಲ್ಲೇ ನಿಂತಿತು. ಮೂರಡಿ ಆಳದಲ್ಲಿ ಇಟ್ಟಿಗೆಯ ಒಂದು ಸಾಲು ಕಾಣುತ್ತಿತ್ತು. ಈಶಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮದಾರಸಾಬ ಇಳಿದು ಎರಡು ಇಟ್ಟಿಗೆ ಎತ್ತಿ, ಕೆಳಗಿನ ಉಸುಕನ್ನು ಬೆರಳಿನಿಂದ ಸರಿಸಿದ. ಕುಣಿಗೆ ಅಡ್ಡಲಾಗಿ ಒಂದು ಕರಿ ಕೇಬಲ್ಲು ಮಲಗಿತ್ತು.

"ಇಲ್ಲಿ ಏನೂ ಇಲ್ಲ, ಅಗೀರಿ ಅಂತ ಮುಂಜಾನಿ ಎಂಜಿನಿಯರ್ ಹೇಮಾ ಮೇಡಂ ನಕಾಶಿ ನೋಡೇ ಹೇಳ್ಯಾರಲ್ಲೋ!" ಕಳಕಪ್ಪ ಬೆವರೊರೆಸಿಕೊಂಡ.

ಬದುವಿನಾಚೆ ವಿಮಾನ ಇಳಿಯುವ ಪಟ್ಟಿ ಮುಗಿಯುತ್ತಿತ್ತು. ಇಳಿಯುವ ವಿಮಾನಕ್ಕೆ ದಾರಿ ತೋರಿಸುವ ಹೊಸ ದೀಪಗಳು ಕಂಬದ ಮೇಲೆ ಸಾಲಾಗಿ ಈಶಪ್ಪನ ಹೊಲದೊಳಗೇ ಬಂದಿದ್ದವು. ಅವುಗಳ ಪರೀಕ್ಷೆಗೆ ಆವತ್ತೇ ಸಂಜೆ ಒಂದು ವಿಮಾನ ಬರುವುದಿತ್ತು.

"ಐದೂವರಿಗೆ ಕರೆಂಟ್ ಬಿಡ್ತಾರ," ಮದಾರಸಾಬ ಗಡಿಯಾರ ನೋಡಿದ. ನಾಲ್ಕು ಹತ್ತು. "ಮಲ್ಲಿಗಿ ದಂಡಿ ಇದ್ದಂಗ ಇದು. ಒಂದ ಕಡೆ ದಾರ ಹರಿದ್ರ ಅಷ್ಟೂ ದೀಪ ಹೋಗ್ತಾವ."

"ಹಂಗಾರ ಬ್ಯಾರೆ ಕಡೆ ತಗೀತೀನಿ."

"ತಗದ ಕುಣಿ ಖಾಲಿ ಬಿಡ್ತಿಯೇನೋ?" ಮಣ್ಣಿಗೆ ಬಂದಿದ್ದ ಓಣಿಯ ಮುದುಕಿ ಅಮರಮ್ಮ ಗದರಿಸಿದಳು. "ಖಾಲಿ ಬಿಟ್ರ ಅದು ಆ ಮನಿದು ಇನ್ನೊಂದು ಹೆಣ ಕೇಳ್ತದ. ರೇಣುಕಾ ದಿನ ತುಂಬಿದ ಬಸುರಿ ಅದಾಳ, ನೆಪ್ಪಿರಲಿ."

ಈಶಪ್ಪನ ಹೆಂಡತಿ ಯಂಕವ್ವ ಮಗಳ ಕಡೆ ನೋಡಿದಳು. ರೇಣುಕಾ ಬೇವಿನ ಬೊಡ್ಡೆಗೆ ಆನಿಕೊಂಡು, ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕೂತಿದ್ದಳು.

"ಮದಾರಣ್ಣಾ," ಯಂಕವ್ವ ಕೇಳಿದಳು, "ನಕಾಶೆದಾಗ ಇಲ್ಲದ್ದು ಇಲ್ಲಿಗೆ ಹೆಂಗ ಬಂತು? ನಿನಗ ಗೊತ್ತೈತಿ."

ಮದಾರಸಾಬ ಪಕ್ಕದಲ್ಲಿದ್ದ ಈಶಪ್ಪನ ಅವ್ವನ ಸಮಾಧಿಯ ಗದ್ದಿಗೆಯನ್ನು ನೋಡಿ ತಲೆ ತಗ್ಗಿಸಿದ.

*

ಹದಿನೆಂಟು ವರ್ಷ ಈಶಪ್ಪನದು ಒಂದೇ ಕೆಲಸ. ಪಟ್ಟಿಯ ಅಂಚಿನ ದೀಪಗಳ ಗಾಜು ಒರೆಸುವುದು, ಸುಟ್ಟ ಬಲ್ಬು ಬದಲಿಸುವುದು, ಬುಡದ ಹುಲ್ಲು ಕೀಳುವುದು. ಸುತ್ತಲಿನ ಕಾರ್ಖಾನೆಗಳ ಕರಿ ಬೂದಿ ಇವತ್ತು ಒರೆಸಿದರೆ ನಾಳೆ ಮತ್ತೆ ಕೂತಿರುತ್ತಿತ್ತು. ವಾರಕ್ಕೊಂದು ವಿಮಾನ ಬಂದರೆ ಹೆಚ್ಚು, ಅದೂ ಹಗಲಿಗೆ. ಆದರೂ ಒರೆಸುತ್ತಿದ್ದ.

ಐದು ತಿಂಗಳ ಹಿಂದೆ ಎಂಜಿನಿಯರ್ ಹೇಮಾ ಜೀಪಿನ ಮುಂದೆ ನಕಾಶೆ ಹಾಸಿದಳು.

"ಇದು ಇಪ್ಪತ್ತು ವರ್ಷದ ಯೋಜನೆ, ಈಶಪ್ಪಣ್ಣ. ಮೊದಲಿಗೆ ರಾತ್ರಿ ವಿಮಾನ, ಆಮ್ಯಾಲ ಉದ್ದನ ಪಟ್ಟಿ, ದೊಡ್ಡ ವಿಮಾನ. ದೀಪ ಎಲ್ಲಾ ಎಲ್‌ಇಡಿ. ಮುಂದ ಪೈಲಟ್ಟೇ ಮ್ಯಾಲಿಂದ ಹಚ್ಚಿಕೊಳ್ತಾನ. ಯಾವ ದೀಪ ಮಂಕಾತು ಅಂತ ಕಂಪ್ಯೂಟರ್ರೇ ಹೇಳ್ತದ."

"ಒರಸಾವ್ರು?"

ಹೇಮಾ ನಕಾಶೆಯ ಮಡಿಕೆ ಸರಿಪಡಿಸಿದಳು. "ಭಾಳ ಮಂದಿ ಬೇಕಾಗಂಗಿಲ್ಲ."

ಈಶಪ್ಪ ತನ್ನ ನೌಕರಿಯ ಮಾತು ತೆಗೆಯಲಿಲ್ಲ. ಅವನ ಬೆರಳು ಕೇಬಲ್ಲಿನ ಗೆರೆಯ ಮೇಲಿತ್ತು. ಗೆರೆ ಅವ್ವನ ಗದ್ದಿಗೆಯ ನಡುಮಧ್ಯ ಹಾದಿತ್ತು. ನಕಾಶೆಯಲ್ಲಿ ಗದ್ದಿಗೆಯೇ ಇರಲಿಲ್ಲ. ಬಾಯಿಬಿಟ್ಟರೆ ಅವ್ವನನ್ನೇ ಎತ್ತಿ ಬೇರೆ ಕಡೆ ಇಡು ಅಂದಾರೆಂದು ಹೆದರಿ ಸುಮ್ಮನಾದ.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಅವನೂ ಮದಾರಸಾಬನೂ ನೆಲದ ಸುಣ್ಣದ ಗೆರೆ ಅಳಿಸಿ, ಗದ್ದಿಗೆ ಬಳಸಿ ಹನ್ನೆರಡು ಅಡಿ ಪಡುವಲಕ್ಕೆ ಹೊಸದಾಗಿ ಎಳೆದರು.

"ಇದು ಸತ್ತ ಮ್ಯಾಲ ನೀ ಮಲಗಾಕ ಇಟ್ಟುಕೊಂಡ ಜಾಗ ಅಲ್ಲೇನೋ?" ಮದಾರಸಾಬ ಕೇಳಿದ್ದ.

"ನಾ ಹೋಗೋದ್ರಾಗ ಇವರು ಇನ್ನ ನಾಕು ನಕಾಶಿ ಬದಲಿ ಮಾಡಿರ್ತಾರ ಬಿಡು," ಎಂದು ಈಶಪ್ಪ ನಕ್ಕಿದ್ದ.

*

"ಮೇಡಂಗ ಫೋನ್ ಹಚ್ಚು. ಇವತ್ತೊಂದಿನ ಕರೆಂಟ್ ನಿಂದರಸ್ಲಿ," ಎಂದ ಕಳಕಪ್ಪ.

"ಯಾಕ ಅಂತ ಕೇಳ್ತಾರ. ಹೇಳಿದ್ರ ನಾಳೆ ಕೇಬಲ್ ನೆಟ್ಟಗ ಮಾಡಾಕ ಗದ್ದಿಗಿ ಅಗೀತಾರ," ಎಂದ ಮದಾರಸಾಬ.

ಯಂಕವ್ವ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕೇಬಲ್ಲಿನ ಕೆಳಗ ಅಗೀರಿ. ಹೆಂಗೂ ನಮ್ಮಾಗ ಸತ್ತವ್ರನ್ನ ಕುಣಿ ಪಕ್ಕಕ್ಕ ಗೂಡು ಕೊರದು ಕುಂದ್ರಸೋದು. ಕೇಬಲ್ಲಿನ ಕೆಳಗ ಹಾಯಿಸಿ ಒಯ್ದು ಕುಂದ್ರಸ್ರಿ."

"ಹಾರಿ, ಸಲಿಕಿ ಮ್ಯಾಲ ಇಡ್ರಿ," ಮದಾರಸಾಬ ಎಚ್ಚರಿಸಿದ. "ಮ್ಯಾಲಿನ ರಬ್ಬರು ಒಂಚೂರು ಕೆತ್ತಿದ್ರೂ ಮುಗೀತು."

ಗಂಡಸರು ಬರಿಗೈಯಿಂದ, ಒಡೆದ ಗಡಿಗೆಯ ಬೋಕಿಯಿಂದ ಮಣ್ಣು ತೆಗೆದರು. ಐದಾಯಿತು. ಗೂಡು ಇನ್ನೂ ಅರ್ಧವಾಗಿರಲಿಲ್ಲ. ಕಳಕಪ್ಪನ ಉಗುರಿನಲ್ಲಿ ರಕ್ತ ಒಸರಿತು.

"ಸತ್ತ ಮ್ಯಾಲೂ ಡ್ಯೂಟಿ ಬಿಡವಲ್ಲ ನೋಡು ನಮ್ಮಣ್ಣ," ಎಂದ. ನಗಲು ಹೋಗಿ ಬಿಕ್ಕಿದ.

ಹೆಂಗಸರು ಕುಣಿಗೆ ಇಳಿಯುವ ಪದ್ಧತಿಯಿರಲಿಲ್ಲ. ಯಂಕವ್ವ ಇಳಿದಳು. ಅಮರಮ್ಮನೂ ಬೇಡವೆನ್ನಲಿಲ್ಲ. ಸಡಿಲಾದ ಕೇಬಲ್ಲನ್ನು ಸೆರಗಿನಲ್ಲಿ ಸುತ್ತಿ, ಹಸುಗೂಸಿನ ಕತ್ತು ಹಿಡಿದಂತೆ ಎರಡೂ ಕೈಯಿಂದ ಮೇಲೆತ್ತಿ ನಿಂತಳು. ಅದರಡಿ ಈಶಪ್ಪನ ತಲೆ ದಾಟಿತು, ಎದೆ ದಾಟಿತು. ಮೊಣಕಾಲು ಸಿಕ್ಕಿಕೊಂಡಿತು.

"ಮೆತ್ತಗ... ಮೆತ್ತಗ್ರೋ..."

ಗೂಡಿನಲ್ಲಿ ಕೂರಿಸಿ ಮಣ್ಣು ತುಂಬಿದರು. ಕೇಬಲ್ಲು ಮತ್ತೆ ಮಲಗಿಸಿ ಉಸುಕು ಹಾಕಿ, ಇಟ್ಟಿಗೆ ಹೊಂದಿಸುವಾಗ ಮದಾರಸಾಬನ ಫೋನು ಬಡಿದುಕೊಂಡಿತು.

"ಮಣ್ಣು ಮುಗೀತೇನ್ರಿ ಮದಾರಣ್ಣ? ಕರೆಂಟ್ ಬಿಡ್ತೀವಿ," ಹೇಮಾಳ ದನಿ.

ಯಂಕವ್ವ ಕುಣಿಯಿಂದ ಮೇಲೆ ಬರುವ ತನಕ ಅವನು ಕಾದ. "ಬಿಡ್ರಿ, ಮೇಡಂ."

ಎಲ್ಲರೂ ಹಿಂದೆ ಸರಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಮದಾರಸಾಬ ಕಣ್ಣು ಮುಚ್ಚಿದ. ತೆರೆದಾಗ ಸಂಜೆಯ ಬಿಸಿಲಿನಲ್ಲಿ ಕಂಬದಿಂದ ಕಂಬಕ್ಕೆ, ಪಟ್ಟಿಯ ತುದಿಯ ತನಕ ದೀಪಗಳು ಉರಿಯುತ್ತಿದ್ದವು. ವಿಮಾನ ತಲೆಯ ಮೇಲೆ ತಗ್ಗಿ ಹಾಯ್ದು, ತಿರುಗಿ ಮತ್ತೊಮ್ಮೆ ಹಾಯಿತು.

ಅದು ಹೋದ ಮೇಲೆ ಹೇಮಾ ಕಂಬಗಳ ಗುಂಟ ನಡೆದು ಬಂದಳು. ಕೈಯಲ್ಲಿ ನಕಾಶೆ ಬಿಚ್ಚಿತ್ತು. ಹಳೆಯ ಗದ್ದಿಗೆಯ ಮುಂದೆ ನಿಂತಳು. ನಕಾಶೆ ನೋಡಿದಳು, ಗದ್ದಿಗೆ ನೋಡಿದಳು, ಆಮೇಲೆ ಹಸಿ ಮಣ್ಣಿನ ಪಕ್ಕ ಉಳಿದು ಬಿದ್ದಿದ್ದ ಕೇಬಲ್ಲಿನ ಮೂರು ಇಟ್ಟಿಗೆಗಳನ್ನು ನೋಡಿದಳು. ಕಳಕಪ್ಪ ಏನೋ ಹೇಳಹೋದ. ಯಂಕವ್ವ ಅವನ ರಟ್ಟೆ ಹಿಡಿದಳು.

ಹೇಮಾ ನಕಾಶೆಯನ್ನು ನಾಲ್ಕು ಮಡಿಕೆ ಮಡಚಿ ಚೀಲದೊಳಗೆ ತುರುಕಿದಳು. ಬೂಟು ಬಿಚ್ಚಿ, ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಕುಣಿಗೆ ಹಾಕಲು ಯಂಕವ್ವ ಜಾಗ ಬಿಡುವುದನ್ನೇ ಕಾಯುತ್ತ ನಿಂತಳು.