ಬೆಟ್ಟದ ಟೈರು

ಪಶುವೈದ್ಯೆ ಸ್ಮರಾಂಡ ತನ್ನ ಜೀಪಿಗೆ ಎರಡು ಸೆಟ್ ಟೈರು ಇಟ್ಟುಕೊಂಡಿದ್ದಳು. ಡಾಂಬರು ರಸ್ತೆಗೆ ಒಂದು, ಕಾರ್ಪಾಥಿಯನ್ ಬೆಟ್ಟದ ಕೆಸರಿಗೆ ದಪ್ಪ ಹಲ್ಲಿನದು ಇನ್ನೊಂದು. ಬೇಸಿಗೆಯಿಡೀ ಜೀಪು ಒಯ್ದಿದ್ದ ತಮ್ಮ ಡೋರು ಅದನ್ನು ಹಿಂದಿನ ದಿನವಷ್ಟೇ ತಂದು ನಿಲ್ಲಿಸಿ, ರಾತ್ರಿ ಅಕ್ಕನ ಮನೆಯಲ್ಲೇ ಉಳಿದಿದ್ದ. ಬೆಳಿಗ್ಗೆ ಬೆಟ್ಟದ ದೊಡ್ಡಿಯಿಂದ ಫೋನು ಬಂತು: ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು. ಅವಳು ಹೊರಗೆ ಬಂದು ನೋಡಿದರೆ ಬೆಟ್ಟದ ಟೈರುಗಳು ಸವೆದು ಬೋಳಾಗಿದ್ದವು.

"ಇದನ್ನ ಹಾಕ್ಕೊಂಡೇ ಹೈವೇಲಿ ಓಡಿಸ್ದ್ಯಾ? ಬದಲಾಯ್ಸೋಕೆ ಏನು ರೋಗ ಬಂದಿತ್ತೋ ನಿಂಗೆ?"

"ಅರ್ಧ ದಿನ ಹಿಡಿಯುತ್ತಕ್ಕಾ. ಯಾವ ಟೈರಾದ್ರೇನು, ಎಲ್ಲಾ ದುಂಡಗೇ ಇರುತ್ತೆ."

"ನಿನ್ನ ತಲೇನೂ ದುಂಡಗಿದೆ. ಒಳಗೇನಾದ್ರೂ ಇದ್ಯಾ? ಹತ್ತು, ನೀನೂ ಬಾ!"

ಮೊದಲ ಏರಿನಲ್ಲೇ ಜೀಪು ಜಾರಿ ಚರಂಡಿಗೆ ಇಳಿಯಿತು. ಔಷಧದ ಚೀಲವನ್ನು ತಮ್ಮನ ಹೆಗಲಿಗೆ ಎಸೆದು ಸ್ಮರಾಂಡ ದಾಪುಗಾಲು ಹಾಕಿದಳು. ದೊಡ್ಡಿ ಮುಟ್ಟಲು ಎರಡು ಗಂಟೆ ಹಿಡಿಯಿತು. ಹಸು ಉಳಿಯಿತು. ಕರು ಮಾತ್ರ ಸತ್ತೇ ಹೊರಬಂತು.

ಡೋರು ಮುಖ ತಿರುಗಿಸಿದ.

"ತಿರುಗ್ಬೇಡ. ನೋಡು," ಎಂದಳು ಅವಳು, ಮೊಣಕೈವರೆಗೆ ರಕ್ತವಾಗಿದ್ದ ಕೈ ಒರೆಸದೆ.

ಅವನು ನೋಡಿದ. ಆಮೇಲೆ ಯಾರೂ ಹೇಳದೆಯೇ ಗುದ್ದಲಿ ಹಿಡಿದು ಗುಂಡಿ ತೋಡತೊಡಗಿದ. ಸ್ಮರಾಂಡಳ ಸಿಟ್ಟು ಅದರಿಂದ ಇಳಿಯಲಿಲ್ಲ. ಅವನಿಗಾಗಿ ಕಾಯದೆ ಒಬ್ಬಳೇ ಬೆಟ್ಟ ಇಳಿದಳು.